ಲಕ್ಷ್ಮಣಫಲ: ಹೂವುಂಟು, ಕಾಯಿಲ್ಲ

ಪ್ರಶ್ನೆ: ಬೀಜದಿಂದ ಎಬ್ಬಿಸಿದ ಲಕ್ಷ್ಮಣಫಲದ ಗಿಡಕ್ಕೆ ಐದು ವರ್ಷ. ಕಾಂಡದ ಮೇಲೂ ಹೂ ಬಿಡುತ್ತದೆ, ಬಿಟ್ಟಷ್ಟೂ ಉದುರುತ್ತದೆ. ಕಚ್ಚಿದ ಒಂದೆರಡು ಕಾಯಿಯೂ ಸೊಟ್ಟ. ಯಾವ ಗೊಬ್ಬರ ಕೊಡಲಿ?

ಉತ್ತರ: ಕೊರತೆ ಗೊಬ್ಬರದ್ದಲ್ಲ, ಪರಾಗದ್ದು. ಸೊಟ್ಟ ಕಾಯಿಯೇ ಅದಕ್ಕೆ ಸಾಕ್ಷಿ. ಈ ಹೂವಿನ ನಡುವೆ ಪುಟ್ಟ ಪುಟ್ಟ ಅಂಡಾಶಯಗಳು ಒತ್ತೊತ್ತಾಗಿ ಕೂತಿರುತ್ತವೆ. ಕಾಯಿಯ ಮೇಲಿನ ಒಂದೊಂದು ಮೆದುಮುಳ್ಳೂ ಅಂಥ ಒಂದೊಂದರ ಗುರುತು. ಪರಾಗ ತಾಗದ ಮಗ್ಗುಲು ತುಂಬಿಕೊಳ್ಳದೆ ಒಳಸೇರುತ್ತದೆ. ಎಲ್ಲೂ ತಾಗದಿದ್ದರೆ ಹೂವೇ ಬೀಳುತ್ತದೆ.

ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ಹಾಗಾಗಿ ತನ್ನ ಪರಾಗ ತನಗೇ ಒದಗುವುದು ಕಡಿಮೆ. ಒಂದು ಹೂವಿನಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಸಣ್ಣ ದುಂಬಿಗಳದು. ಹೂವಿನ ಕಾಲದಲ್ಲಿ ಕೀಟನಾಶಕ ಹೊಡೆದರೆ ಅವೂ ಇಲ್ಲ. ಆಗ ಕೈಯಾರೆ ಮಾಡಬೇಕು. ಪೂರ್ತಿ ಅರಳಿದ ಎರಡು-ಮೂರು ಹೂವನ್ನು ಸಂಜೆ ಕಿತ್ತು ಕಾಗದದ ಪೊಟ್ಟಣದಲ್ಲಿಡಿ. ಬೆಳಿಗ್ಗೆ ಅಲುಗಿಸಿದರೆ ಕೇಸರಗಳು ಉದುರಿ ಪುಡಿ ಸಿಗುತ್ತದೆ. ಹೊರಗಿನ ದಪ್ಪ ಎಸಳು ಆಗಷ್ಟೇ ಸಡಿಲಗೊಂಡ ಹೂವನ್ನು ಹುಡುಕಿ, ಅಂಡಾಶಯಗಳು ಕೂತ ನಡುವಿನ ಗುಬ್ಬಿ ಅಂಟಂಟಾಗಿ ಹೊಳೆಯುತ್ತಿದೆಯೇ ನೋಡಿ. ಮೆತ್ತನೆಯ ಕುಂಚದಲ್ಲಿ ಪುಡಿ ತೆಗೆದು ಗುಬ್ಬಿಯ ಸುತ್ತಲೂ ಸವರಿ. ಒಂದೇ ಕಡೆ ಮುಟ್ಟಿಸಿ ಬಿಟ್ಟರೆ ಮತ್ತೆ ಸೊಟ್ಟ ಕಾಯಿಯೇ. ಬಿಸಿಲೇರಿ ಅಂಟು ಒಣಗಿದ ಮೇಲೆ ಸವರಿ ಫಲವಿಲ್ಲ. ಬುಡಕ್ಕೆ ತರಗೆಲೆ ಹೊದಿಸಿ ತೇವ ಉಳಿಸಿ. ಯೂರಿಯಾ ಸುರಿಯಬೇಡಿ, ಬರೀ ಸೊಪ್ಪು ಬೆಳೆಯುತ್ತದೆ. ಕಚ್ಚಿದ ಮಿಡಿ ಕೆಲವು ವಾರ ಬೆಳೆಯದೆ ಹಾಗೇ ಕೂತಿದ್ದರೆ ಗಾಬರಿ ಬೇಡ.

ಪ್ರಶ್ನೆ: ಕೊಯ್ಲು ಯಾವಾಗ?

ಉತ್ತರ: ಮುಳ್ಳುಗಳ ನಡುವಿನ ಅಂತರ ಹಿಗ್ಗಿ, ಕಡುಹಸಿರು ತಿಳಿಯಾಗಿ ಹಳದಿಗೆ ತಿರುಗುವಾಗ, ಕಾಯಿ ಇನ್ನೂ ಗಟ್ಟಿಯಿದ್ದಂತೆಯೇ ತೊಟ್ಟು ಸಮೇತ ಕತ್ತರಿಸಿ. ಮರದಲ್ಲೇ ಹಣ್ಣಾಗಲು ಬಿಟ್ಟರೆ ತನ್ನ ಭಾರಕ್ಕೆ ಬಿದ್ದು ಒಡೆಯುತ್ತದೆ, ಬಾವಲಿಗಳ ಪಾಲೂ ಆಗುತ್ತದೆ. ಮನೆಯೊಳಗೆ ನಾಲ್ಕೈದು ದಿನದಲ್ಲಿ ಮೆತ್ತಗಾಗುತ್ತದೆ. ಕಾಯಿಯನ್ನು ಫ್ರಿಜ್‌ನಲ್ಲಿಟ್ಟರೆ ಸಿಪ್ಪೆ ಕಪ್ಪಾಗಿ ಸರಿಯಾಗಿ ಹಣ್ಣಾಗುವುದಿಲ್ಲ. ತಿರುಳು ತೆಗೆದ ಮೇಲೆ ಫ್ರೀಜರ್‌ನಲ್ಲಿಡಬಹುದು. ಬೀಜ ವಿಷಕಾರಿ, ತಿರುಳನ್ನು ಮಿಕ್ಸಿಗೆ ಹಾಕುವ ಮುಂಚೆ ಒಂದನ್ನೂ ಬಿಡದೆ ಆರಿಸಿ.

ಪ್ರಶ್ನೆ: ಎಲೆಯ ಕಷಾಯ ಕ್ಯಾನ್ಸರ್ ವಾಸಿ ಮಾಡುತ್ತದೆಯೇ?

ಉತ್ತರ: ಇಲ್ಲ. ಪ್ರಯೋಗಾಲಯದಲ್ಲಿ ಜೀವಕೋಶಗಳ ಮೇಲೆ ಕಂಡ ಪರಿಣಾಮ ರೋಗಿಗಳಲ್ಲಿ ಸಾಬೀತಾಗಿಲ್ಲ. ಎಲೆಯಲ್ಲೂ ಹಣ್ಣಿನಲ್ಲೂ ಇರುವ ಅನೊನಾಸಿನ್ ಎಂಬ ರಾಸಾಯನಿಕ ನರಗಳಿಗೆ ಹಾನಿಕರ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ ಒಂದು ಕಾಯಿಲೆಗೂ ಇದರ ಹಣ್ಣು, ಎಲೆ ಚಹಾದ ದೀರ್ಘ ಬಳಕೆಗೂ ನಂಟಿರುವುದನ್ನು 1999ರಲ್ಲೇ ವೈದ್ಯರು ವರದಿ ಮಾಡಿದ್ದಾರೆ. ಅಪರೂಪಕ್ಕೆ ಹಣ್ಣು ತಿನ್ನುವುದು ಬೇರೆ, ದಿನವೂ ಕಷಾಯ ಕುಡಿಯುವುದು ಬೇರೆ.