ಎರಡು ಸಲ ಶಿಕ್ಷೆ ಆದೋಳು ನಿರಪರಾಧಿ ಹೆಂಗಾಗ್ತಾಳೆ?

ಚಿಂತಾಮಣಿಯಿಂದ ರಿಟೈರ್ಡ್ ಮೇಷ್ಟ್ರೊಬ್ರು ಬರೆದಿದಾರೆ: "ಹೋದ ಸಂಚಿಕೇಲಿ ಅಮಾಂಡಾ ನಾಕ್ಸ್ ನಿರಪರಾಧಿ ಅಂತ ಬರೆದ್ರಿ. ಎರಡೆರಡು ಕೋರ್ಟು ಕೊಲೆಗಾತಿ ಅಂದಿವೆ. ಬೆಂಕಿ ಇಲ್ದೆ ಹೊಗೆ ಏಳುತ್ತಾ? ಅಮೆರಿಕದ ಹುಡುಗಿ ಅಂತ ಬಿಟ್ರು ಅಷ್ಟೆ."

ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೇಲೆ ಸಿಟ್ಟು ಬರ್ಲಿಲ್ಲ, ಯಾಕಂದ್ರೆ 2009ರಲ್ಲಿ ಇಟಲಿಯಲ್ಲಿ, ಜೊತೇಲಿದ್ದ ಹುಡುಗಿಯ ಕೊಲೆ ಕೇಸಲ್ಲಿ ಆಕೆಗೆ 26 ವರ್ಷ ಶಿಕ್ಷೆ ಆದಾಗ ನಾನೂ ಇದೇ ಮಾತಾಡಿದ್ದೆ. 2011ರಲ್ಲಿ ಖುಲಾಸೆ, 2013ರಲ್ಲಿ ಆ ಖುಲಾಸೆ ರದ್ದು, 2014ರಲ್ಲಿ ಫ್ಲಾರೆನ್ಸಲ್ಲಿ ಮತ್ತೆ ಇಪ್ಪತ್ತೆಂಟೂವರೆ ವರ್ಷ, ಕೊನೆಗೆ 2015ರ ಮಾರ್ಚ್ 27ಕ್ಕೆ ಇಟಲಿಯ ಸುಪ್ರೀಂ ಕೋರ್ಟು ಮರುವಿಚಾರಣೆಗೂ ಕಳಿಸ್ದೆ ಬಿಟ್ಟೇಬಿಡ್ತು, ಇಷ್ಟು ಸಲ ಅತ್ತಿತ್ತ ಆದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ಆದ್ರೆ ಅಮೆರಿಕದೋಳು ಅಂತ ಬಿಟ್ರು ಅನ್ನೋದು ನಿಲ್ಲಲ್ಲ ಮೇಷ್ಟ್ರೇ, ಅದೇ ದಿನ ಅದೇ ತೀರ್ಪಲ್ಲಿ ಬಿಡುಗಡೆ ಆದ, ಆಗ ಆಕೆಯ ಗೆಳೆಯನಾಗಿದ್ದ ರಾಫೇಲ್ ಸೊಲ್ಲೆಚಿತೊ ಇಟಲಿಯವನೇ.

ಇನ್ನು ಹೊಗೆ ಎಲ್ಲಿಂದ ಎದ್ದಿತು ನೋಡಿ. 2007ರ ನವೆಂಬರ್ 1ರ ರಾತ್ರಿ ಇಟಲಿಯ ಪೆರೂಜಾದಲ್ಲಿ ಮೆರೆಡಿತ್ ಕರ್ಚರ್ ಅನ್ನೋ 21 ವರ್ಷದ ಇಂಗ್ಲೆಂಡಿನ ಹುಡುಗಿ ಕೊಲೆ ಆದ್ಳು. ಅದೇ ಮನೇಲಿದ್ದ 20 ವರ್ಷದ ಅಮಾಂಡಾನ ಪೊಲೀಸ್ರು ರಾತ್ರಿಯಿಡೀ ಕೂರಿಸ್ಕೊಂಡು, ಲಾಯರ್ ಇಲ್ದೆ, ಆಕೆಗೆ ಸರಿಯಾಗಿ ಬರದ ಭಾಷೇಲಿ ಹೇಳಿಕೆಗೆ ಸಹಿ ಹಾಕಿಸ್ಕೊಂಡ್ರು. ನಮ್ಮಲ್ಲಿ ಪೊಲೀಸ್ರ ಮುಂದಿನ ತಪ್ಪೊಪ್ಪಿಗೆ ಸಾಕ್ಷಿ ಆಗಲ್ಲ ಅಂತ 1872ರ ಸಾಕ್ಷ್ಯ ಕಾಯ್ದೇಲೇ ಇತ್ತು, ಯಾಕಿತ್ತು ಅಂತ ನಿಮಗೆ ನಾನು ಹೇಳ್ಬೇಕಾ? ಸಾಕ್ಷಿ ಅಂತ ತೋರಿಸಿದ ಮೆರೆಡಿತ್‌ಳ ಒಳಉಡುಪಿನ ಕೊಕ್ಕೆ ಕೊಲೆ ಆಗಿ 46 ದಿನ ಆದ್ಮೇಲೆ ನೆಲದಿಂದ ಎತ್ಕೊಂಡ್ರು. ಕೊಲೆಗೆ ಬಳಸಿದ್ದು ಅಂತ ಪೊಲೀಸ್ರು ಹೇಳಿದ ಚಾಕುವಿನ ಡಿಎನ್ಎ ನಂಬಕ್ಕಾಗಲ್ಲ ಅಂತ ಕೋರ್ಟೇ ನೇಮಿಸಿದ ತಜ್ಞರು 2011ರಲ್ಲಿ ಹೇಳಿದ್ರು. ಅಲ್ಲಿ ರಕ್ತದಲ್ಲಿ ಅಂಗೈ ಗುರುತು ಬಿಟ್ಟಿದ್ದ ರೂಡಿ ಗೆಡೆ ಅನ್ನೋನಿಗೆ ಬೇರೆ ವಿಚಾರಣೇಲಿ ಇದೇ ಕೊಲೆಗೆ ಶಿಕ್ಷೆ ಆಗಿ, ಅಪೀಲಲ್ಲಿ 16 ವರ್ಷಕ್ಕಿಳೀತು, 2021ರಲ್ಲಿ ಜೈಲಿಂದ ಆಚೆ ಬಂದ. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಆಕೆ ಒಬ್ಬ ಅಮಾಯಕನ ಮೇಲೆ ಸುಳ್ಳು ಹೇಳಿದ್ಳು ಅಂತ ನೀವು ಬರೆದ ಒಂದು ಮಾತು ಮಾತ್ರ ಒಪ್ತೀನಿ. ಪೊಲೀಸ್ರು ವಿಚಾರಣೆ ಮಾಡಿದ ಆ ರಾತ್ರಿ ಆಕೆ ಪ್ಯಾಟ್ರಿಕ್ ಲುಮುಂಬಾ ಅನ್ನೋ ಬಾರ್ ಮಾಲೀಕನ ಹೆಸರು ಹೇಳಿದ್ಳು, ಏನೂ ಮಾಡದ ಮನುಷ್ಯ ಎರಡು ವಾರ ಜೈಲಲ್ಲಿದ್ದ. ಆ ಸುಳ್ಳು ಆರೋಪದ ಕೇಸಲ್ಲಿ ಆಕೆ ಅಪರಾಧಿ ಅಂತ 2025ರ ಜನವರೀಲಿ ಮತ್ತೆ ಖಾಯಂ ಆಯ್ತು. ಲಾಯರ್ ಕೊಡದೆ ವಿಚಾರಣೆ ಮಾಡಿದ್ದು ತಪ್ಪು ಅಂತ ಯುರೋಪಿನ ಮಾನವ ಹಕ್ಕು ಕೋರ್ಟು 2019ರಲ್ಲಿ ಹೇಳಿತ್ತು ನಿಜ, ಆದ್ರೂ ಲುಮುಂಬಾನ ನೋವು ಸಣ್ಣದಲ್ಲ. ಹಾಗಂತ ಅದು ಕೊಲೆ ಅಲ್ಲ ಮೇಷ್ಟ್ರೇ.

ಅನುಮಾನ ಉಳಿಯೋದ್ರಲ್ಲಿ ನಮ್ಮ ಪಾಲೂ ಇದೆ. ಶಿಕ್ಷೆ ಆದಾಗ ಫೋಟೊ ಸಮೇತ ಮುಖಪುಟ, ಖುಲಾಸೆ ಆದಾಗ ಒಳಗೆಲ್ಲೋ ನಾಕು ಸಾಲು. ಶಿಡ್ಲಘಟ್ಟದ ಕಡೆ ಒಬ್ರು, ಹೆಸರು ಬೇಡ, ಹೈಕೋರ್ಟಲ್ಲಿ ಕೇಸು ಗೆದ್ದು ಬಂದು ಎಷ್ಟೋ ವರ್ಷ ಆಯ್ತು, ರೇಷ್ಮೆ ಗೂಡು ಹೊತ್ಕೊಂಡು ಮಾರ್ಕೆಟ್ಟಿಗೆ ಬಂದ್ರೆ ಈಗ್ಲೂ ಬೆನ್ನ ಹಿಂದೆ "ಮರ್ಡರ್ ಕೇಸಿನವ್ನು" ಅಂತಾರೆ, ಅದನ್ನ ಕೇಳಿದಾಗ ನಂಗೆ ಹೊಟ್ಟೇಲಿ ಸಂಕಟ ಆಗುತ್ತೆ.

ನಿಮ್ಮ ಪೂರ್ತಿ ಪತ್ರ ಮುಂದಿನ ಸಂಚಿಕೇಲಿ ಹಾಕ್ತೀನಿ, ನಿಮ್ಮ ವಾದದ ಒಂದು ಸಾಲೂ ಬಿಡಲ್ಲ. ಕೋರ್ಟುಗಳು ಹಿಂದೆ ಏನಂದವು ಅಂತ ನೀವು ಹೇಳಿದ್ದೂ ಇರುತ್ತೆ. ಆದ್ರೆ ಕೊನೇ ಪ್ಯಾರಾದಲ್ಲಿ ನೀವೇ ಆಕೇನ "ಕೊಲೆಗಾತಿ" ಅಂದಿರೋ ಕಡೆ ಆ ಪದ ತೆಗೀತೀನಿ, ದಯವಿಟ್ಟು ಬೇಜಾರಾಗ್ಬೇಡಿ.