ಭಾನುವಾರ ಅಳತೆ ತೆಗೆಯಲು ಹೋದವನ ಉತ್ತರ

ಸಮಸ್ಯೆ ಸರಳವೋ ಜಟಿಲವೋ ಎಂದು ಮೊದಲೇ ಗುರುತಿಸಿ, ತಕ್ಕ ವಿನ್ಯಾಸ ವಿಧಾನ ಆರಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಹಾಗೆ ಗುರುತಿಸಲು ಹೋಗಿಯೇ ಮುಗ್ಗರಿಸಿದವನು.

ವಿನ್ಯಾಸಕನಾಗಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ಆಸ್ಪತ್ರೆಯವರು, "ರೋಗಿಗಳು ದಾರಿ ತಿಳಿಯದೆ ಕೌಂಟರಿಗೆ ಮುತ್ತುತ್ತಾರೆ, ಒಳ್ಳೆಯ ಫಲಕ ಮಾಡಿಕೊಡಿ" ಎಂದರು. ಫಲಕ ತಾನೇ, ಸರಳ ಎಂದುಕೊಂಡೆ. ಅಳತೆ ತೆಗೆಯಲು ಭಾನುವಾರ ಹೋದೆ.

ಎಡವಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಭಾನುವಾರ ಹೊರರೋಗಿ ವಿಭಾಗಕ್ಕೆ ರಜೆ. ಕಾರಿಡಾರ್ ಖಾಲಿ, ಟೇಪು ಹಿಡಿಯಲು ಅಡ್ಡಿಯಿಲ್ಲ, ಫೋಟೋ ಚೆನ್ನಾಗಿ ಬರುತ್ತದೆ. ಅಂದರೆ ನನಗೆ ಅನುಕೂಲವಾದ ದಿನ, ರೋಗಿಗಳೇ ಇಲ್ಲದ ದಿನ. ಬರಿಯ ಗೋಡೆ ನೋಡಿಕೊಂಡು ಕಣ್ಣಿನ ಮಟ್ಟಕ್ಕೆ ಫಲಕ, ನೆಲಕ್ಕೆ ಬಣ್ಣದ ಪಟ್ಟಿ, ಓದು ಬಾರದವರಿಗೆ ಚಿತ್ರ, ಎಲ್ಲ ಮಾಡಿದೆ. ಸೋಮವಾರ ಜನರ ತಲೆಗಳು ಫಲಕವನ್ನೂ ಚಪ್ಪಲಿಗಳು ಪಟ್ಟಿಯನ್ನೂ ಮುಚ್ಚಿಬಿಟ್ಟವು. ಫಲಕವನ್ನಾದರೂ ಎರಡಡಿ ಮೇಲೇರಿಸಬಹುದಿತ್ತು. ಕೌಂಟರಿನ ಗುಂಪು ಮಾತ್ರ ಕರಗಲಿಲ್ಲ.

ಅಲ್ಲಿದ್ದ ಅಜ್ಜಿಯೊಬ್ಬರಿಗೆ ನನ್ನ ಬಾಣದ ಗುರುತು ತೋರಿಸಿದೆ. ಓಪಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. "ರೂಮು ಗೊತ್ತಪ್ಪಾ, ಡಾಕ್ಟರು ಬಂದರೇ ಎಂದು ಕೇಳಲು ನಿಂತಿದ್ದೇನೆ" ಎಂದರು.

ಡಾಕ್ಟರು ಬಂದರೋ ಇಲ್ಲವೋ ಎಂದು ಬರೆಯಲು ಬಾಗಿಲಿಗೊಂದು ಸ್ಲೇಟು ಸಾಕಿತ್ತು. ಕೊನೆಗೆ ನರ್ಸೊಬ್ಬರು ತೂಗುಹಾಕಿದರು. ಡಾಕ್ಟರು ತಡವಾಗುತ್ತಿದ್ದುದು ವಾರ್ಡಿನ ರೌಂಡ್ಸ್ ಮುಗಿಯದೆ. ರೌಂಡ್ಸ್ ಮುಗಿಯದಿದ್ದುದು ಇಬ್ಬರ ಕೆಲಸ ಒಬ್ಬರ ತಲೆಗೆ ಬಿದ್ದು. ಅದಕ್ಕೆ ನನ್ನ ಬಳಿ ಯಾವ ಬಣ್ಣವೂ ಇರಲಿಲ್ಲ.

1973ರಲ್ಲಿ ಹೊರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬ್ಬರ್ ಎಂಬ ಪ್ರಾಧ್ಯಾಪಕರು ಸಮಸ್ಯೆಗಳನ್ನು 'ಟೇಮ್' (ಸ್ಪಷ್ಟವಾಗಿ ಹೇಳಿ ಬಗೆಹರಿಸಬಹುದಾದವು), 'ವಿಕೆಡ್' (ಹಿಡಿತಕ್ಕೆ ಸಿಗದ ಜಟಿಲವಾದವು) ಎಂದು ಬೇರ್ಪಡಿಸಿ ಪ್ರಬಂಧ ಬರೆದರು. ಎಲ್ಲರೂ ಆ ವಿಂಗಡಣೆಯನ್ನು ಬಾಯಿಪಾಠ ಮಾಡುತ್ತಾರೆ. ವಿಕೆಡ್ ಸಮಸ್ಯೆ ಏನೆಂಬುದು ಪರಿಹಾರಕ್ಕೆ ಕೈಹಾಕದೆ ತಿಳಿಯುವುದಿಲ್ಲ ಎಂದು ಅದರಲ್ಲೇ ಇರುವುದನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಪ್ರಶ್ನೆಯಲ್ಲಿರುವ 'ಮೊದಲೇ' ಎಂಬ ಪದವೇ ತಪ್ಪು. ಒಮ್ಮೆ ಮಾಡಿದ ಪ್ರಯತ್ನದ ಗುರುತು ಅಳಿಯುವುದಿಲ್ಲ ಎಂದೂ ಅವರು ಬರೆದಿದ್ದಾರೆ. ಕಣ್ಣಿನ ವಿಭಾಗ ಮಹಡಿಗೆ ಹೋಗಿ ವರ್ಷಗಳಾದವು, ನನ್ನ ನೀಲಿ ಪಟ್ಟಿ ಇಂದಿಗೂ ಜನರನ್ನು ಹಳೆಯ ಬಾಗಿಲಿಗೇ ಕರೆದೊಯ್ಯುತ್ತದೆ.

ಡಬಲ್ ಡೈಮಂಡ್ ಕಲಿಯಲೇ, ಡಿಸೈನ್ ಥಿಂಕಿಂಗ್ ಕಲಿಯಲೇ ಎಂದು ವಿನ್ಯಾಸ ವಿಧಾನಗಳ ಹೆಸರು ಹಿಡಿದು ತಲೆ ಕೆಡಿಸಿಕೊಳ್ಳಬೇಡಿ. ಕೆಲಸ ನಡೆಯುವ ದಿನ ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಲ್ಲಿ. ಜನ ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕೆಲಸ ಕೊಟ್ಟವರು ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗದಿದ್ದರೆ, ಮುಂಗಡ ಕೈಸೇರಿದ್ದರೂ ಪೆನ್ಸಿಲ್ ಕೆಳಗಿಟ್ಟು ಅವರೊಡನೆ ಮತ್ತೊಮ್ಮೆ ಕುಳಿತುಕೊಳ್ಳಿ.