ಕಾಡ್ಗಿಚ್ಚಿನ ಹೊಗೆ ಕುಡಿದ ಮಕ್ಕಳಿಗೆ ಮುಂದೆ ತೊಂದರೆ ಆಗುತ್ತಾ?

ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಹೊಗೆ, ಮಗಳಿಗೆ ಮೂರು ವರ್ಷ, ಬೆಂಗಳೂರಿಗೆ ವಾಪಸ್ ಹೋಗಿಬಿಡೋಣವೇ ಅಂತ ಕೇಳಿದ್ದೀರಿ. ನಾನಿರುವುದೂ ಸ್ಯಾಕ್ರಮೆಂಟೊ ಹತ್ತಿರವೇ. ಡಾಕ್ಟರ್ ಅಲ್ಲ, ಆದರೆ 2018ರಲ್ಲಿ ಇಲ್ಲಿನ ಪ್ಯಾರಡೈಸ್ ಅನ್ನುವ ಊರು ಕಾಡ್ಗಿಚ್ಚಿಗೆ ಸುಟ್ಟಾಗಿನಿಂದ ಈ ವಿಷಯ ಬಿಡದೆ ಓದುತ್ತಿದ್ದೇನೆ.

ತೊಂದರೆ ಆಗಬಹುದು. ಆದರೆ ಒಂದು ವಾರದ ಹೊಗೆಗಿಂತ ವರ್ಷ ವರ್ಷ ಮೈಯೊಳಗೆ ಸೇರುವ ಒಟ್ಟು ಲೆಕ್ಕ ಮುಖ್ಯ. ಪಿಎಂ 2.5 ಅನ್ನುವ ಸಣ್ಣ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ, ಅದಕ್ಕೇ ಆಸ್ತಮಾ ಅಷ್ಟೇ ಅಲ್ಲ, ಹೃದಯಕ್ಕೂ ಕಷ್ಟ. ಮನೆ, ಕಾರು ಉರಿದರೆ ಇನ್ನೂ ಕೆಟ್ಟದು. ಪ್ಯಾರಡೈಸ್ ಹೊಗೆಯಲ್ಲಿ ಸೀಸ ಕೂಡ ಇತ್ತು.

ಅಮೆರಿಕದ ಮೊಂಟಾನಾ ರಾಜ್ಯದ ಸೀಲಿ ಲೇಕ್ ಊರಲ್ಲಿ 2017ರಲ್ಲಿ 49 ದಿನ ಹೊಗೆ ನಿಂತಿತ್ತು. ಅಲ್ಲಿನವರನ್ನು, ಹೆಚ್ಚಿನವರು ವಯಸ್ಸಾದವರು, ಪರೀಕ್ಷೆ ಮಾಡಿದಾಗ ಆ ವರ್ಷ ಶ್ವಾಸಕೋಶದ ಶಕ್ತಿ ಕಡಿಮೆ ಇದ್ದವರು ಸುಮಾರು 10%, ಮರುವರ್ಷ 46%, ಅದರ ಮುಂದಿನ ವರ್ಷವೂ 34%! ಕೆಮ್ಮು ನಿಂತಿತು ಅಂದರೆ ಎಲ್ಲ ಮುಗಿಯಿತು ಅಂತಲ್ಲ. ಇನ್ನು ಇಲ್ಲೇ ಹತ್ತಿರದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ 2008ರ ಕಾಡ್ಗಿಚ್ಚಿನ ಹೊಗೆ ಕುಡಿದ ಕೋತಿಮರಿಗಳನ್ನು ಮೂರು ವರ್ಷ ಆದಮೇಲೆ ನೋಡಿದರೆ ಶ್ವಾಸಕೋಶ ಚಿಕ್ಕದಾಗಿತ್ತು, ರೋಗ ತಡೆಯುವ ಶಕ್ತಿಯೂ ಬದಲಾಗಿತ್ತು. ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಹಟ ಹಿಡಿಯುವುದು ಇದಕ್ಕೇ.

ನಿಮ್ಮ ಮಗಳ ವಯಸ್ಸಿನ ಮುಖಕ್ಕೆ ಎನ್95 ಸರಿಯಾಗಿ ಕೂರುವುದಿಲ್ಲ, ಬಟ್ಟೆ ಮಾಸ್ಕ್ ಸುಮ್ನೆ ಸಮಾಧಾನಕ್ಕೆ. ಆದ್ದರಿಂದ ಮನೆಯೊಳಗಿನ ಗಾಳಿಯೇ ಗತಿ. ಅವಳು ಮಲಗುವ ಕೋಣೆಯಲ್ಲಿ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇಡಿ, ದುಡ್ಡು ಜಾಸ್ತಿ ಅನಿಸಿದರೆ ಬಾಕ್ಸ್ ಫ್ಯಾನ್‌ಗೆ ಮರ್ವ್ 13 ದರ್ಜೆಯ (ಇದೂ ಸಣ್ಣ ಕಣ ಹಿಡಿಯುವಂಥದ್ದು) ಫಿಲ್ಟರ್ ಕಟ್ಟಿದರೂ ನಡೆಯುತ್ತದೆ. ಕಿಟಕಿ ಮುಚ್ಚಿ ಕೂತ ದಿನ ಒಗ್ಗರಣೆ, ಕರಿಯುವುದು, ಊದುಬತ್ತಿ ಬೇಡ, ಅವೂ ಅದೇ ಕಣ ಎಬ್ಬಿಸುತ್ತವೆ.

ಹೊಗೆಗೆ ಹೆದರಿ ಬೆಂಗಳೂರಿಗೆ ಹೋಗಬೇಡಿ. ಪಿಎಂ 2.5ಕ್ಕೆ ಡಬ್ಲ್ಯೂಎಚ್‌ಒ ಹೇಳುವ ವರ್ಷದ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ, ಬೆಂಗಳೂರಿನ ಗಾಳಿ ಅದರ ಹಲವು ಪಟ್ಟು, ಅದೂ ವರ್ಷವಿಡೀ. ಅಪ್ಪ ಅಮ್ಮನ ಜೊತೆ ಇರಬೇಕು ಅಂತಿದ್ದರೆ ಅದು ಬೇರೆ ಮಾತು, ಅಲ್ವಾ? ಈಗಲೇ ಅವಳಿಗೆ ಉಬ್ಬಸ, ರಾತ್ರಿ ಕೆಮ್ಮು ಇದ್ದರೆ ಮುಂದಿನ ಬೇಸಿಗೆವರೆಗೆ ಕಾಯದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಊದಿಸಿ ನೋಡುವ ಸ್ಪೈರೋಮೆಟ್ರಿ ಐದಾರು ವರ್ಷ ಆದಮೇಲೆ ಸರಿಯಾಗಿ ಮಾಡಿಸಬಹುದು.